ಒಂದು ಬಾಟಲಿ ನೀರು ಸಾಲದು

ಕೆರೆಯಿಂದ ಒಂದು ಬಾಟಲಿ ನೀರು ತುಂಬಿ ಲ್ಯಾಬಿಗೆ ಕಳಿಸಿದರೆ ಕೆಲವು ದಿನಗಳಲ್ಲಿ ಒಂದು ಹಾಳೆ ಕೈಗೆ ಬರುತ್ತದೆ. ಸೀಸದ ಮುಂದೆ ‘ಬಿಡಿಎಲ್’ (ಪತ್ತೆಯಾಗದಷ್ಟು ಕಡಿಮೆ), ಕ್ಯಾಡ್ಮಿಯಂ ಮುಂದೆ ‘ಬಿಡಿಎಲ್’, ತಾಮ್ರದ ಮುಂದೆ ಒಂದು ಚಿಕ್ಕ ಸಂಖ್ಯೆ, ಕೊನೆಗೆ ‘ಎಲ್ಲ ಅಂಶಗಳೂ ಮಿತಿಯೊಳಗಿವೆ’ ಎಂಬ ಸಾಲು, ಸೀಲು, ಸಹಿ. ಗ್ರಾಮಸಭೆಯಲ್ಲಿ ಆ ಹಾಳೆಯನ್ನು ಎತ್ತಿ ತೋರಿಸಿದರೆ ಮಾತು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ. ನಿಲ್ಲಬಾರದು. ಲ್ಯಾಬಿನವರು ಪ್ರಾಮಾಣಿಕರಾಗಿದ್ದರೂ ಅವರು ಉತ್ತರಿಸಿರುವ ಪ್ರಶ್ನೆಯೇ ಬೇರೆ, ಊರಿನವರು ಕೇಳಿದ್ದೇ ಬೇರೆ ಆಗಿರಬಹುದು.

ಕೊಡಗಿನಲ್ಲಿ ಲೋಹ ಕರಗಿಸುವ ದೊಡ್ಡ ಕಾರ್ಖಾನೆಗಳಿಲ್ಲ. ಕುಶಾಲನಗರದ ಕೂಡ್ಲೂರಿನ ಕೈಗಾರಿಕಾ ಪ್ರದೇಶಕ್ಕೆ ಹೋದರೆ ಎದ್ದುಕಾಣುವುದು ಕಾಫಿ ಸಂಸ್ಕರಣೆಯ ಘಟಕಗಳು. ಹಾಗಿರುವಾಗ ಇಲ್ಲಿಯ ಕೆರೆಗೂ ಸೀಸ, ಪಾದರಸಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ಕೊಡೈಕೆನಾಲಿನವರೂ ಒಂದು ಕಾಲಕ್ಕೆ ಹಾಗೆಯೇ ಕೇಳಿರಬಹುದು. ಅದೂ ನಮ್ಮಂತೆಯೇ ಮಳೆ, ಶೋಲಾ ಕಾಡು, ಪ್ರವಾಸಿಗರು ಇರುವ ಬೆಟ್ಟದೂರು. 1863ರಲ್ಲಿ ಕಟ್ಟಿದ ಕೆರೆಯೇ ಅಲ್ಲಿಯ ಮುಖ್ಯ ಆಕರ್ಷಣೆ. 1980ರ ದಶಕದಲ್ಲಿ ಅಲ್ಲಿ ಪಾದರಸದ ಥರ್ಮಾಮೀಟರ್ ಕಾರ್ಖಾನೆ ಶುರುವಾಯಿತು, ಮುಂದೆ ಅದು ಹಿಂದೂಸ್ತಾನ್ ಲಿವರ್ ಕಂಪನಿಯ ಕೈಗೆ ಬಂತು. ಪಾದರಸ ಅಂಟಿದ ಗಾಜಿನ ಚೂರು ಊರಿನ ಗುಜರಿಯಲ್ಲಿ ಬಿದ್ದಿರುವುದನ್ನು 2001ರಲ್ಲಿ ಸ್ಥಳೀಯರೂ ಗ್ರೀನ್‌ಪೀಸ್ ಸಂಸ್ಥೆಯೂ ಬಯಲಿಗೆಳೆದ ಮೇಲೆ ಕಾರ್ಖಾನೆ ಮುಚ್ಚಿತು. 2003ರಲ್ಲಿ ಸುಮಾರು 290 ಟನ್ ತ್ಯಾಜ್ಯವನ್ನು ಹಡಗು ಹತ್ತಿಸಿ ಅಮೆರಿಕಕ್ಕೆ ಕಳಿಸಲಾಯಿತು. ಮಣ್ಣಿನ ಶುದ್ಧೀಕರಣದ ವಾದ ಮಾತ್ರ ಅದಾದ ಮೇಲೂ ವರ್ಷಗಟ್ಟಲೆ ಎಳೆಯಿತು.

ಆ ಕೆರೆಯ ನೀರನ್ನು ಹೈದರಾಬಾದಿನ ವಿಜ್ಞಾನಿಗಳು ಪರೀಕ್ಷಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಲೀಟರಿಗೆ 356ರಿಂದ 465 ನ್ಯಾನೊಗ್ರಾಂ ಪಾದರಸವಿತ್ತು. ನಮ್ಮ ದೇಶದ ಕುಡಿಯುವ ನೀರಿನ ಮಾನಕ ಐಎಸ್ 10500 ಪಾದರಸಕ್ಕೆ ಇಟ್ಟಿರುವ ಮಿತಿ ಲೀಟರಿಗೆ 0.001 ಮಿಲಿಗ್ರಾಂ, ಎಂದರೆ 1,000 ನ್ಯಾನೊಗ್ರಾಂ. ಬರೀ ಈ ಮಿತಿಯ ಪಕ್ಕ ಇಟ್ಟು ನೋಡಿದರೆ ಕೊಡೈಕೆನಾಲ್ ಕೆರೆ ಪಾಸು! ಆ ಅಧ್ಯಯನ ಅಷ್ಟಕ್ಕೇ ನಿಲ್ಲಲಿಲ್ಲ. ಕಾರ್ಖಾನೆಯಿಂದ ದೂರವಿರುವ ಬೇರಿಜಂ ಮತ್ತು ಕುಕ್ಕಾಲ್ ಕೆರೆಗಳ ನೀರನ್ನೂ ಅಳೆದರು, ಅಲ್ಲಿ ಪಾದರಸ ಗಣನೀಯವಾಗಿ ಕಡಿಮೆಯಿತ್ತು. ಕೆರೆಯ ತಳದ ಕೆಸರನ್ನು ನೋಡಿದರು, ಮೀನು ನೋಡಿದರು, ಪಾದರಸ ಯಾವ ರೂಪದಲ್ಲಿದೆ ಎಂದೂ ನೋಡಿದರು. ಲೀಟರಿಗೆ ಸುಮಾರು 50 ನ್ಯಾನೊಗ್ರಾಂನಷ್ಟು ಪಾದರಸ ಮೀಥೈಲ್ ಪಾದರಸವಾಗಿ, ಎಂದರೆ ಜೀವಿಗಳ ಮೈಯಲ್ಲಿ ಕೂಡಿಕೊಳ್ಳುವ ರೂಪದಲ್ಲಿ ಸಿಕ್ಕಿತು. ಒಂದೇ ಕೆರೆ, ಒಂದೇ ನೀರು. ಕೇಳಿದ ಪ್ರಶ್ನೆ ಬದಲಾದಾಗ ಉತ್ತರವೂ ಬದಲಾಯಿತು.

ಇದನ್ನು ನಮ್ಮ ನೆಲಕ್ಕೆ ತಂದು ನೋಡಲು ಒಂದು ಕೆರೆಯನ್ನು ಊಹಿಸಿಕೊಳ್ಳೋಣ. ಎರಡು ಬದಿಗೆ ಕಾಫಿ ತೋಟ, ಏರಿಯ ಕೆಳಗೆ ಗದ್ದೆ, ಮೇಲಿನಿಂದ ಒಂದು ಕೊಲ್ಲಿ ಹರಿದು ಬಂದು ಕೆರೆ ಸೇರುತ್ತದೆ. ಕೊಲ್ಲಿಯ ಪಕ್ಕದ ಇಳಿಜಾರಿನಲ್ಲಿ ಹಿಂದೆ ಹಳೆಯ ಬ್ಯಾಟರಿ ಒಡೆಯುವ ಶೆಡ್ಡು ಇತ್ತು. ಈಗ ಶುದ್ಧೀಕರಣಕ್ಕೆಂದು ಅಲ್ಲಿಯ ಸೀಸ ಸೇರಿದ ಮಣ್ಣನ್ನು ಅಗೆದು ಲಾರಿಗೆ ತುಂಬುತ್ತಿದ್ದಾರೆ. ಕೆರೆಗೆ ಏನಾಗುತ್ತಿದೆ ಎಂದು ತಿಳಿಯಬೇಕು.

ಬಾಟಲಿಯಿಂದಲೇ ಶುರು

ಲೋಹ ಅಳೆಯುವ ಯಂತ್ರಗಳು ಈಗ ಬಹಳ ಸೂಕ್ಷ್ಮವಾಗಿವೆ. ಐಸಿಪಿ-ಎಂಎಸ್ ಎಂಬ ಯಂತ್ರ ಲೀಟರಿಗೆ ಒಂದು ಮೈಕ್ರೊಗ್ರಾಂಗಿಂತ ಎಷ್ಟೋ ಕಡಿಮೆ ಸೀಸವನ್ನು ಹಿಡಿಯಬಲ್ಲದು. ಒಂದು ಮೈಕ್ರೊಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಆದ್ದರಿಂದ ತಪ್ಪು ನುಸುಳುವುದು ಹೆಚ್ಚಾಗಿ ಯಂತ್ರದಲ್ಲಲ್ಲ, ಕೆರೆ ದಂಡೆಯಲ್ಲಿ. ಮಿನರಲ್ ವಾಟರ್ ಬಾಟಲಿ ತೊಳೆದು ನೀರು ತುಂಬುವುದು, ದೋಣಿಯ ತುಕ್ಕು ಹಿಡಿದ ಅಂಚಿನ ಪಕ್ಕ ಬಾಟಲಿ ಅದ್ದುವುದು, ಬೆರಳನ್ನು ಬಾಟಲಿಯ ಬಾಯಿಗೆ ಹಾಕುವುದು, ಇಷ್ಟು ಸಾಕು ಸಂಖ್ಯೆ ಕೆಡಲು. ಲೋಹಕ್ಕಾಗಿ ನೀರು ಹಿಡಿಯುವ ಬಾಟಲಿಯನ್ನು ಲ್ಯಾಬಿನವರೇ ನೈಟ್ರಿಕ್ ಆಮ್ಲದಲ್ಲಿ ತೊಳೆದು ಕೊಡಬೇಕು. ನೀರು ಹಿಡಿಯಲು ಕೈಗವಸು ಹಾಕಿದ ಇಬ್ಬರು ಬೇಕು: ಒಬ್ಬರು ಬಾಟಲಿಯನ್ನು ಮಾತ್ರ ಮುಟ್ಟುವವರು, ಉಳಿದದ್ದನ್ನೆಲ್ಲ ಮುಟ್ಟುವವರು ಇನ್ನೊಬ್ಬರು. ಮಡಿ-ಮೈಲಿಗೆಯಂತೆ ಕಂಡರೂ ಕಡಿಮೆ ಪ್ರಮಾಣದ ಲೋಹ ಅಳೆಯುವವರ ಅಂಗೀಕೃತ ಪದ್ಧತಿಯೇ ಇದು.

ನೀರನ್ನು ಹಾಗೆಯೇ ಇಟ್ಟರೆ ಲೋಹ ನಿಧಾನಕ್ಕೆ ಬಾಟಲಿಯ ಗೋಡೆಗೆ ಅಂಟುತ್ತದೆ. ಆಮೇಲೆ ಅಳೆದರೆ ಇದ್ದದ್ದಕ್ಕಿಂತ ಕಡಿಮೆ ಸಿಗುತ್ತದೆ. ಅದಕ್ಕೇ ನೈಟ್ರಿಕ್ ಆಮ್ಲ ಸೇರಿಸಿ ಪಿಎಚ್ ಅನ್ನು 2ಕ್ಕಿಂತ ಕೆಳಗಿಳಿಸುತ್ತಾರೆ. ಹೀಗಿಟ್ಟ ನೀರಿನಲ್ಲಿ ಹೆಚ್ಚಿನ ಲೋಹಗಳನ್ನು ಆರು ತಿಂಗಳವರೆಗೂ ಅಳೆಯಬಹುದು, ಪಾದರಸಕ್ಕೆ ಮಾತ್ರ 28 ದಿನದ ಗಡುವು. ಇಲ್ಲಿ ಒಂದು ಸೂಕ್ಷ್ಮವಿದೆ, ಕೊಡಗಿನಲ್ಲಿ ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವುದೂ ಅದೇ. ಆಮ್ಲ ಹಾಕುವ ಮೊದಲು ನೀರನ್ನು ಸೋಸಿದ್ದರೋ ಇಲ್ಲವೋ?

ಆಷಾಢದ ಮಳೆಯಲ್ಲಿ ಕೊಲ್ಲಿಯ ನೀರು ಯಾವ ಬಣ್ಣದಲ್ಲಿರುತ್ತದೆ ಎಂದು ಇಲ್ಲಿಯವರಿಗೆ ಹೇಳಬೇಕಿಲ್ಲ. 2018ರ ಆಗಸ್ಟಿನಲ್ಲಿ ಗುಡ್ಡಗಳು ಜರಿದಾಗ ಹರಿದದ್ದನ್ನು ನೀರು ಎನ್ನುವುದೇ ಕಷ್ಟವಾಗಿತ್ತು. ಯಾವ ಕಾರ್ಖಾನೆಯ ಸೋಂಕೂ ಇಲ್ಲದ ಮಣ್ಣಿನಲ್ಲೂ ಸೀಸ ಸ್ವಾಭಾವಿಕವಾಗಿ ಇದ್ದೇ ಇರುತ್ತದೆ. ಲೆಕ್ಕಕ್ಕಾಗಿ ಕಿಲೋ ಮಣ್ಣಿಗೆ 25 ಮಿಲಿಗ್ರಾಂ ಎಂದಿಟ್ಟುಕೊಳ್ಳಿ. ಒಂದು ಲೀಟರ್ ಕೆಂಪು ನೀರಿನಲ್ಲಿ ಒಂದು ಗ್ರಾಂ ಮಣ್ಣು ತೇಲುತ್ತಿದ್ದರೆ ಆ ಮಣ್ಣಿನಿಂದಲೇ 25 ಮೈಕ್ರೊಗ್ರಾಂ ಸೀಸ ಬಂತು. ಕುಡಿಯುವ ನೀರಿನ ಮಿತಿ 10 ಮೈಕ್ರೊಗ್ರಾಂ. ಸೋಸದೆ ಆಮ್ಲ ಹಾಕಿದರೆ ಆ ಮಣ್ಣಿನ ಸೀಸವೂ ಲೆಕ್ಕಕ್ಕೆ ಬಂದು ‘ಮಿತಿಯ ಎರಡೂವರೆ ಪಟ್ಟು ಸೀಸ’ ಎಂದು ವರದಿಯಾಗುತ್ತದೆ, ಇಳಿಜಾರಿನಲ್ಲಿ ಬ್ಯಾಟರಿ ಶೆಡ್ಡು ಇರದಿದ್ದರೂ! ತದ್ವಿರುದ್ಧವಾಗಿ, ಮಾರ್ಚಿನಲ್ಲಿ ತಿಳಿಯಾಗಿ ನಿಂತ ಕೆರೆಯ ಮೇಲ್ಪದರದಿಂದ ನೀರು ತೆಗೆದರೆ, ಶೆಡ್ಡಿನ ಜಾಗ ನಿಜವಾಗಿ ಸೋರುತ್ತಿದ್ದರೂ, ‘ಬಿಡಿಎಲ್’ ಬರಬಹುದು.

ಹಾಗಾಗಿ ಪ್ರತಿ ಸಲ ಎರಡು ಬಾಟಲಿ ಬೇಕು. ಒಂದರಲ್ಲಿ ದಂಡೆಯಲ್ಲೇ 0.45 ಮೈಕ್ರೊಮೀಟರ್ ಫಿಲ್ಟರಿನಲ್ಲಿ ಸೋಸಿ ಆಮ್ಲ ಹಾಕಿದ ನೀರು, ಇನ್ನೊಂದರಲ್ಲಿ ಸೋಸದೆ ಆಮ್ಲ ಹಾಕಿದ್ದು. ಮೊದಲನೆಯದು ಕರಗಿದ ಲೋಹವನ್ನು, ಎರಡನೆಯದು ಮಣ್ಣಿನೊಂದಿಗೆ ಬಂದದ್ದನ್ನೂ ಸೇರಿಸಿ ಒಟ್ಟು ಲೋಹವನ್ನು ಹೇಳುತ್ತದೆ. ಜೊತೆಗೆ ಎಷ್ಟು ಮಣ್ಣು ತೇಲುತ್ತಿತ್ತು ಎಂಬ ಅಳತೆಯೂ ಬೇಕು. ಇವು ಮೂರೂ ಇಲ್ಲದ ಮಳೆಗಾಲದ ವರದಿಯನ್ನು ನಾನಂತೂ ಯಾರ ಪರವಾಗಿಯೂ ನಂಬುವುದಿಲ್ಲ.

ಮೂರನೆಯ ಬಾಟಲಿಯೊಂದಿದೆ, ಖರ್ಚು ಉಳಿಸಲು ಮೊದಲು ಕೈಬಿಡುವುದು ಅದನ್ನೇ. ಲ್ಯಾಬಿನಿಂದ ತಂದ ಶುದ್ಧ ನೀರನ್ನು ಕೆರೆ ದಂಡೆಯಲ್ಲಿ ತೆರೆದು, ಸೋಸಿ, ಆಮ್ಲ ಹಾಕಿ, ಉಳಿದವುಗಳಂತೆಯೇ ವಾಪಸು ಕಳಿಸುವ ಬಾಟಲಿ. ಅದರಲ್ಲೂ ಸೀಸ ಸಿಕ್ಕಿದರೆ ಸೀಸ ಕೆರೆಯದಲ್ಲ, ನಮ್ಮ ಕೈಯದೋ ಫಿಲ್ಟರಿನದೋ.

‘ಬಿಡಿಎಲ್’ ಎಂದರೆ ಸೊನ್ನೆಯಲ್ಲ

ಬಿಡಿಎಲ್ ಎಂದರೆ ಪತ್ತೆ ಮಿತಿಗಿಂತ ಕಡಿಮೆ. ಆ ಮಿತಿ ಎಷ್ಟು ಎಂದು ವರದಿಯಲ್ಲಿ ಬರೆದಿರದಿದ್ದರೆ ಈ ಮೂರಕ್ಷರಕ್ಕೆ ಅರ್ಥವಿಲ್ಲ. ಸೀಸದ ಪತ್ತೆ ಮಿತಿ 50 ಮೈಕ್ರೊಗ್ರಾಂ ಇರುವ ವಿಧಾನದಲ್ಲಿ ಅಳೆದರೆ 40 ಮೈಕ್ರೊಗ್ರಾಂ ಸೀಸವಿರುವ ನೀರೂ ಬಿಡಿಎಲ್, ಕುಡಿಯುವ ಮಿತಿಯ ನಾಲ್ಕು ಪಟ್ಟಿದ್ದರೂ. ಪತ್ತೆ ಮಿತಿಯು ಹೋಲಿಸಬೇಕಾದ ಮಿತಿಗಿಂತ ಬಹಳ ಕೆಳಗಿರಬೇಕು. ಲ್ಯಾಬಿಗೆ ಎನ್‌ಎಬಿಎಲ್ ಎಂಬ ರಾಷ್ಟ್ರೀಯ ಮಂಡಳಿಯ ಮಾನ್ಯತೆ ಇದೆ ಎಂದರೂ ಸಾಲದು. ಆ ಮಾನ್ಯತೆ ಯಾವ ಲೋಹಕ್ಕೆ, ಯಾವ ವಿಧಾನಕ್ಕೆ, ಎಷ್ಟರಿಂದ ಎಷ್ಟರವರೆಗಿನ ಅಳತೆಗೆ ಎಂಬ ಪಟ್ಟಿ ಇರುತ್ತದೆ, ಅದನ್ನು ಕೇಳಿ ನೋಡಬೇಕು.

ಇನ್ನು ‘ಮಿತಿಯೊಳಗಿದೆ’ ಎಂಬ ಮಾತು. ಯಾರ ಮಿತಿ? ಐಎಸ್ 10500 ಮನುಷ್ಯರು ಕುಡಿಯುವ ನೀರಿಗೆ ಇರುವುದು. ಮೀನಿನ ಮಿತಿ ಬೇರೆ, ಅದು ನೀರಿನ ಗಡಸುತನದ ಮೇಲೆ ನಿಂತಿದೆ. ನೀರಿನಲ್ಲಿ ಕ್ಯಾಲ್ಸಿಯಂ ಇದ್ದರೆ ಅದು ಮೀನಿನ ಕಿವಿರಿನಲ್ಲಿ ಲೋಹಕ್ಕೆ ಪೈಪೋಟಿ ಕೊಡುತ್ತದೆ, ವಿಷ ಅಷ್ಟು ಬೇಗ ಒಳಸೇರುವುದಿಲ್ಲ. ಕೊಡಗಿನ ಕೊಲ್ಲಿ, ಕೆರೆಗಳದು ಮೆದು ನೀರು, ಸಾಬೂನು ಹಚ್ಚಿದ ಕೂಡಲೇ ನೊರೆ ಬರುವಂಥದ್ದು. ಅಮೆರಿಕದ ಪರಿಸರ ಸಂಸ್ಥೆಯ ಸೂತ್ರದ ಪ್ರಕಾರ ಗಡಸುತನ 100 ಮಿಲಿಗ್ರಾಂ ಇರುವ ನೀರಿನಲ್ಲಿ ಜಲಚರಗಳಿಗೆ ದೀರ್ಘಕಾಲ ಸಹ್ಯವಾದ ಸೀಸ ಲೀಟರಿಗೆ 2.5 ಮೈಕ್ರೊಗ್ರಾಂ. ಗಡಸುತನ 25ಕ್ಕೆ ಇಳಿದರೆ ಅದು 0.54. ನಮ್ಮ ಊಹೆಯ ಕೆರೆಯಲ್ಲಿ ಕರಗಿದ ಸೀಸ 3 ಮೈಕ್ರೊಗ್ರಾಂ ಸಿಕ್ಕಿತೆನ್ನಿ: ಕುಡಿಯುವ ನೀರಿನ ಲೆಕ್ಕದಲ್ಲಿ ನಿರಾಳ, ಮೀನಿನ ಲೆಕ್ಕದಲ್ಲಿ ಐದು ಪಟ್ಟು ಹೆಚ್ಚು. ಅದಕ್ಕಾಗಿ ಲೋಹದ ಜೊತೆ ಪಿಎಚ್, ಗಡಸುತನಗಳನ್ನೂ ಅಳೆಸಲೇಬೇಕು. ಅವಕ್ಕೆ ತಗಲುವ ಖರ್ಚು ಅತ್ಯಲ್ಪ.

ವಾಟರ್ ಫಿಲ್ಟರ್ ಮಾರುವವರು ತೋರಿಸುವ ಟಿಡಿಎಸ್ ಪೆನ್ನಿನ ಬಗ್ಗೆಯೂ ಒಂದು ಮಾತು. ಅದು ಅಳೆಯುವುದು ನೀರಿನಲ್ಲಿ ಕರಗಿದ ಒಟ್ಟು ಲವಣವನ್ನು, ಅದೂ ಮಿಲಿಗ್ರಾಂ ಲೆಕ್ಕದಲ್ಲಿ. ಅಪಾಯಕಾರಿ ಮಟ್ಟದ ಸೀಸ ಅದರ ಅಂಕಿಯನ್ನು ಅಲುಗಾಡಿಸುವುದೂ ಇಲ್ಲ. ಕುದಿಸುವುದರಿಂದ ಲೋಹ ಹೋಗುವುದಿಲ್ಲ, ನೀರು ಇಂಗಿದಷ್ಟೂ ಉಳಿದದ್ದರಲ್ಲಿ ಹೆಚ್ಚುತ್ತದೆ.

ತಾಮ್ರ ಸಿಕ್ಕಿತು, ಯಾರದ್ದು?

ವರದಿಯಲ್ಲಿ ತಾಮ್ರ ಹೆಚ್ಚು ಕಂಡರೆ ಶೆಡ್ಡಿನ ಕಡೆ ಬೆರಳು ತೋರಿಸುವ ಮೊದಲು ಸುತ್ತಲಿನ ತೋಟ ನೋಡಬೇಕು. ಕಾಫಿಯ ಎಲೆ ತುಕ್ಕಿಗೆ 0.5 ಶೇಕಡಾ, ಕಾಳುಮೆಣಸಿನ ಸೊರಗು ರೋಗಕ್ಕೆ 1 ಶೇಕಡಾ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣ ಬೆರೆಸಿದ್ದು) ಹೊಡೆಯುವುದು ಇಲ್ಲಿ ತಲೆಮಾರುಗಳ ರೂಢಿ. ಒಂದು ಕಿಲೋ ಮೈಲುತುತ್ತದಲ್ಲಿ ಸುಮಾರು 250 ಗ್ರಾಂ ತಾಮ್ರವಿದೆ. ತಾಮ್ರ ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ, ಮೇಲ್ಮಣ್ಣಿನಲ್ಲೇ ಕೂರುತ್ತದೆ, ಮಳೆಗೆ ಮಣ್ಣಿನೊಂದಿಗೆ ಕೆರೆಗೆ ಇಳಿಯುತ್ತದೆ. ಸತು ಹೆಚ್ಚಿದ್ದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಶೆಡ್ಡು, ಕಾರ್ಮಿಕರ ಲೈನ್ ಮನೆಗಳ ಜಿಂಕ್ ಶೀಟನ್ನೂ ನೆನಪಿಸಿಕೊಳ್ಳಬೇಕು.

ಆದ್ದರಿಂದ ಶುದ್ಧೀಕರಣದ ಜಾಗದ ಗುರುತನ್ನು ಒಂದೇ ಲೋಹದಲ್ಲಿ ಹುಡುಕಬಾರದು, ಜೊತೆಗೂಡುವ ಲೋಹಗಳಲ್ಲಿ ಹುಡುಕಬೇಕು. ಹಳೆಯ ಬ್ಯಾಟರಿ ಪ್ಲೇಟುಗಳ ಸೀಸವನ್ನು ಗಟ್ಟಿ ಮಾಡಲು ಆಂಟಿಮನಿ ಬೆರೆಸುತ್ತಿದ್ದರು. ಕೆರೆಯಲ್ಲಿ ಸೀಸವೂ ಆಂಟಿಮನಿಯೂ ಒಟ್ಟಿಗೆ ಏರಿದ್ದರೆ, ಕೊಲ್ಲಿಯ ಬಾಯಿಯ ಹತ್ತಿರ ಹೆಚ್ಚಿದ್ದು ಕೋಡಿಯ ಕಡೆಗೆ ಇಳಿಯುತ್ತಾ ಹೋಗಿದ್ದರೆ, ಶೆಡ್ಡಿಗಿಂತ ಮೇಲಿನ ಕೊಲ್ಲಿಯಲ್ಲಿ ಅವು ಕಡಿಮೆಯಿದ್ದರೆ, ಆಗ ಮಾತಿಗೆ ಬಲ ಬರುತ್ತದೆ. ತಕರಾರು ಕೋರ್ಟಿಗೆ ಹೋಗುವಂತಿದ್ದರೆ ಸೀಸದ ಐಸೊಟೋಪುಗಳ (ತೂಕದಲ್ಲಿ ಮಾತ್ರ ಬೇರೆಯಾದ ಪರಮಾಣುಗಳ) ಅನುಪಾತ ನೋಡಿ ಮೂಲ ಗುರುತಿಸುವ ವಿಧಾನವೂ ಇದೆ. ಪಂಚಾಯಿತಿಯ ಖರ್ಚಿಗೆ ಎಟುಕುವಂಥದ್ದಲ್ಲ.

ಇದಕ್ಕಿಂತಲೂ ಕಣ್ಣಿಗೆ ಮಣ್ಣೆರಚುವುದು ಪಲ್ಪಿಂಗ್ ಕಾಲ. ಕೊಯ್ಲಿನ ತಿಂಗಳುಗಳಲ್ಲಿ ಸಂಸ್ಕರಿಸದ ಪಲ್ಪರ್ ನೀರು ಕೊಲ್ಲಿಗೆ ಬಿಟ್ಟರೆ ಅದರಲ್ಲಿರುವ ಸಕ್ಕರೆ, ಲೋಳೆಗಳನ್ನು ಸೂಕ್ಷ್ಮಜೀವಿಗಳು ತಿನ್ನುತ್ತಾ ನೀರಿನ ಆಮ್ಲಜನಕವನ್ನೆಲ್ಲ ಮುಗಿಸುತ್ತವೆ. ಕೆರೆಯ ತಳ ಉಸಿರುಗಟ್ಟುತ್ತದೆ. ಆಮ್ಲಜನಕ ಇರುವವರೆಗೆ ಕಬ್ಬಿಣ, ಮ್ಯಾಂಗನೀಸಿನ ಆಕ್ಸೈಡುಗಳು ಕೆಸರಿನಲ್ಲಿ ಗಟ್ಟಿಯಾಗಿ ಕೂತು ಆರ್ಸೆನಿಕ್, ಸೀಸದಂಥವನ್ನು ಮೈಗೆ ಅಂಟಿಸಿಕೊಂಡಿರುತ್ತವೆ. ಆಮ್ಲಜನಕ ಹೋದಾಗ ಆ ಆಕ್ಸೈಡುಗಳೇ ಕರಗುತ್ತವೆ, ಅಂಟಿದ್ದವು ನೀರಿಗೆ ಬಿಡುಗಡೆಯಾಗುತ್ತವೆ. ಮೇಲಿನ ಇಳಿಜಾರಿನಿಂದ ಅಂದು ಒಂದು ಹನಿಯೂ ಸೋರಿರಲಿಕ್ಕಿಲ್ಲ, ಆದರೂ ಕೆರೆಯ ನೀರಿನಲ್ಲಿ ಲೋಹ ಏರಿರುತ್ತದೆ. ಹಾಗೆಂದು ಜಾಗದವರು ‘ನಮ್ಮದಲ್ಲ’ ಎಂದು ಕೈ ತೊಳೆದುಕೊಳ್ಳುವಂತೆಯೂ ಇಲ್ಲ: ಕೆಸರಿಗೆ ಆ ಸೀಸ ಬಂದದ್ದು ಎಲ್ಲಿಂದ ಎಂಬ ಪ್ರಶ್ನೆ ಉಳಿದೇ ಇರುತ್ತದೆ. ಇದನ್ನು ಬಿಡಿಸಬೇಕೆಂದರೆ ಮೇಲ್ಪದರದ ನೀರಿನ ಜೊತೆ ತಳದ ಹತ್ತಿರದ ನೀರನ್ನೂ ತೆಗೆದು, ಅಲ್ಲಿಯೇ ಆಮ್ಲಜನಕ ಅಳೆಯಬೇಕು. ಕರಗಿದ ಮ್ಯಾಂಗನೀಸ್ ತಳದಲ್ಲಿ ವಿಪರೀತ ಹೆಚ್ಚಿದ್ದರೆ ಕೆಸರು ಬಾಯಿ ಬಿಟ್ಟಿದೆ ಎಂದೇ ತಿಳಿಯಬೇಕು.

ಕೆಸರನ್ನು ಕೇಳಿ

ನೀರು ಇವತ್ತು ಜೇಬಿನಲ್ಲಿರುವ ಚಿಲ್ಲರೆ, ಕೆಸರು ಪಾಸ್‌ಬುಕ್. ಕೆರೆಗೆ ಬಂದ ಸೀಸದಲ್ಲಿ ಬಹುಪಾಲು ಜೇಡಿಯ ಕಣಗಳಿಗೆ ಅಂಟಿ ತಳ ಸೇರುತ್ತದೆ, ಪಾದರಸವೂ ಹಾಗೆಯೇ. ನೀರಿನ ಸಂಖ್ಯೆ ದಿನದಿನಕ್ಕೆ ಬದಲಾದರೆ ಕೆಸರಿನದು ವರ್ಷಗಳ ಮೊತ್ತ. ಒಂದೇ ಪರೀಕ್ಷೆಗೆ ದುಡ್ಡಿದೆ ಎಂದರೆ ನಾನು ಕೆಸರನ್ನೇ ಆರಿಸುತ್ತೇನೆ.

ಹೋಲಿಸಲು ಉತ್ತರ ಅಮೆರಿಕದಲ್ಲಿ ರೂಢಿಯಲ್ಲಿರುವ ಎರಡು ಗೆರೆಗಳಿವೆ. ಒಣ ಕೆಸರಿನಲ್ಲಿ ಸೀಸ ಕಿಲೋಗೆ 35.8 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ತಳದ ಜೀವಿಗಳಿಗೆ ತೊಂದರೆ ಕಾಣುವುದು ಅಪರೂಪ. 128 ದಾಟಿದರೆ ತೊಂದರೆಯ ಸಂಭವವೇ ಹೆಚ್ಚು. ತಾಮ್ರಕ್ಕೆ ಈ ಗೆರೆಗಳು 31.6 ಮತ್ತು 149, ಪಾದರಸಕ್ಕೆ 0.18 ಮತ್ತು 1.06. ಮರಳಿಗಿಂತ ಜೇಡಿಗೆ ಲೋಹ ಹೆಚ್ಚು ಅಂಟುವುದರಿಂದ ಕೊಲ್ಲಿಯ ಬಾಯಿಯ ಮರಳನ್ನು ಕೆರೆಯ ನಡುವಿನ ಜೇಡಿಯೊಂದಿಗೆ ನೇರವಾಗಿ ಹೋಲಿಸಬಾರದು. 63 ಮೈಕ್ರೊಮೀಟರ್ ಜರಡಿಯಲ್ಲಿ ಇಳಿದ ಸಣ್ಣ ಕಣಗಳನ್ನು ಮಾತ್ರ ಅಳೆಯುವುದು ಒಂದು ಉಪಾಯ.

ಕೊಳವೆ ಇಳಿಸಿ ಕೆಸರನ್ನು ಪದರ ಪದರವಾಗಿ ಎತ್ತಿದರೆ ಇನ್ನೂ ಹಿಂದಿನದು ತಿಳಿಯುತ್ತದೆ. ವಿಕಿರಣ ಸೂಸುತ್ತಾ 22 ವರ್ಷಕ್ಕೆ ಅರ್ಧವಾಗುವ ಸೀಸ-210, 1963ರ ಸುಮಾರಿಗೆ ಅಣ್ವಸ್ತ್ರ ಪರೀಕ್ಷೆಗಳ ಧೂಳಿನಿಂದ ಅತಿ ಹೆಚ್ಚು ಉದುರಿದ ಸೀಸಿಯಂ-137, ಇವುಗಳ ನೆರವಿನಿಂದ ಪ್ರತಿ ಪದರದ ವಯಸ್ಸು ಅಂದಾಜಿಸಬಹುದು. ಆದರೆ ನಮ್ಮ ತೋಟದ ಕೆರೆಗಳಲ್ಲಿ ಜೆಸಿಬಿ ಇಳಿಸಿ ಹೂಳು ಎತ್ತುವುದುಂಟು. ಎತ್ತಿದ ಕೆರೆಯಲ್ಲಿ ಪುಟಗಳೇ ಹರಿದುಹೋಗಿರುತ್ತವೆ. ಆಗ ಕೇಳಬೇಕಾದದ್ದು ಆ ಹೂಳು ಎಲ್ಲಿಗೆ ಹೋಯಿತು ಎಂದು. ಕೆರೆಗೋಡು ಒಳ್ಳೆಯ ಗೊಬ್ಬರವೆಂದು ಕಾಫಿ ಬುಡಕ್ಕೋ ಗದ್ದೆಗೋ ಹಾಕಿದ್ದರೆ ಅಲ್ಲಿಯ ಮಣ್ಣನ್ನೂ ನೋಡಬೇಕಾಗುತ್ತದೆ.

ಕೆಸರಿನಿಂದ ಊಟದ ತಟ್ಟೆಗೆ ಬರುವ ದಾರಿ ಪಾದರಸದ್ದೂ ಸೀಸದ್ದೂ ಒಂದೇ ಅಲ್ಲ. ಉಸಿರುಗಟ್ಟಿದ ಕೆಸರಿನ ಬ್ಯಾಕ್ಟೀರಿಯಾಗಳು ಪಾದರಸವನ್ನು ಮೀಥೈಲ್ ಪಾದರಸ ಮಾಡುತ್ತವೆ, ಅದು ಪಾಚಿ, ಹುಳ, ಸಣ್ಣ ಮೀನು, ದೊಡ್ಡ ಮೀನು ಎಂದು ಮೆಟ್ಟಿಲು ಹತ್ತುತ್ತಾ ಪ್ರತಿ ಹಂತದಲ್ಲೂ ಹೆಚ್ಚುತ್ತದೆ. ಬೇರೆ ಮೀನನ್ನು ನುಂಗುವ ಮೀನಿನಲ್ಲಿ ನೀರಿಗಿಂತ ಹತ್ತು ಲಕ್ಷ ಪಟ್ಟು ಹೆಚ್ಚು ಸಿಗುವುದೂ ಇದೆ. 1956ರಲ್ಲಿ ಜಪಾನಿನ ಮಿನಮಾಟಾದಲ್ಲಿ ಹೊರಬಿದ್ದ ದುರಂತದಲ್ಲಿ ವಿಷ ಏರಿದ್ದು ಮೀನು, ಚಿಪ್ಪುಜೀವಿಗಳ ಮೂಲಕ. ಸೀಸ ಹೀಗೆ ಮೆಟ್ಟಿಲು ಹತ್ತುವುದಿಲ್ಲ, ಬದಲಿಗೆ ಕೆಸರಲ್ಲೇ ಬದುಕುವ ಜೀವಿಗಳಲ್ಲಿ, ಮೂಳೆ, ಚಿಪ್ಪುಗಳಲ್ಲಿ ಕೂಡುತ್ತದೆ. ಆದ್ದರಿಂದ ಪಾದರಸದ ಅನುಮಾನವಿದ್ದರೆ ದೊಡ್ಡ ಮೀನಿನ ಮಾಂಸವನ್ನು, ಸೀಸದ ಅನುಮಾನವಿದ್ದರೆ ಕೆಳಗಿನ ಗದ್ದೆಯ ಏಡಿಯನ್ನು ಕಳಿಸಬೇಕು. ಕಕ್ಕಡದ ತಿಂಗಳಲ್ಲಿ ಏಡಿ ಸಾರು ಮಾಡುವ ಮನೆಗಳಿಗೆ ನೀರಿನ ವರದಿಗಿಂತ ಇದು ಹೆಚ್ಚು ಪ್ರಯೋಜನದ್ದು.

ಅಗೆಯುವ ಮೊದಲು, ಅಗೆಯುವಾಗ, ಅಗೆದ ಮೇಲೆ

ಶುದ್ಧೀಕರಣ ಎಂಬ ಮಾತು ಕೇಳಿದ ಕೂಡಲೇ ಅಪಾಯ ಇಳಿಯತೊಡಗಿತು ಎಂದುಕೊಳ್ಳುತ್ತೇವೆ. ವರ್ಷಾನುಗಟ್ಟಲೆ ಹುಲ್ಲು ಬೆಳೆದು ಮುಚ್ಚಿದ್ದ ಮಣ್ಣನ್ನು ಕೆದಕಿದಾಗ ಸ್ವಲ್ಪ ಕಾಲ ಅಪಾಯ ಏರುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟಿ ಮಳೆ ಸುರಿಯುವ ಮಡಿಕೇರಿ ಕಡೆಯ ಇಳಿಜಾರಿನಲ್ಲಂತೂ ಮೇ ತಿಂಗಳಲ್ಲಿ ಅಗೆದು ಬಿಟ್ಟ ಗುಂಡಿ ಜೂನಿನಲ್ಲಿ ಕೆರೆಯ ಪಾಲು.

ಎಷ್ಟು ಶುದ್ಧ ಮಾಡಿದರೆ ಸಾಕು ಎಂಬ ಗುರಿಯನ್ನೂ ನೋಡಬೇಕು. ಕೊಡೈಕೆನಾಲಿನ ಕಾರ್ಖಾನೆಯ ಮಣ್ಣಿಗೆ ಇಟ್ಟ ಗುರಿ ಕಿಲೋಗೆ 20 ಮಿಲಿಗ್ರಾಂ ಪಾದರಸ. ಅದು ಮನುಷ್ಯ ಅಲ್ಲಿ ಮನೆ ಕಟ್ಟಿಕೊಂಡು ಬದುಕುವ ಲೆಕ್ಕದ್ದು. ಅದೇ ‘ಶುದ್ಧ’ ಮಣ್ಣು ಕೊಚ್ಚಿಹೋಗಿ ಕೆರೆಯ ಕೆಸರಾದರೆ ಮೇಲೆ ಹೇಳಿದ 1.06ರ ಗೆರೆಯನ್ನು ಹತ್ತೊಂಬತ್ತು ಪಟ್ಟು ಮೀರುತ್ತದೆ. ಆ ಕಾರ್ಖಾನೆ ಕೂತ ಗುಡ್ಡದ ಕೆಳಗಿರುವುದು ಪಾಂಬಾರ್ ಶೋಲಾ, ಹಾಗಾಗಿ ಅಷ್ಟು ಸಾಲದು ಎಂಬ ಅಲ್ಲಿಯವರ ವಾದ ಬರೀ ಹಟವಾಗಿರಲಿಲ್ಲ.

ಅಗೆತ ಶುರುವಾಗುವ ಮೊದಲೇ ಒಂದು ಮಳೆಗಾಲ, ಒಂದು ಬೇಸಿಗೆಯ ಅಳತೆ ಕೈಯಲ್ಲಿ ಇರಬೇಕು. ಇದೇ ಬಗೆಯ ಮಣ್ಣು, ಇದೇ ಬಗೆಯ ತೋಟಗಳಿರುವ, ಆದರೆ ಶೆಡ್ಡಿನ ನೀರು ಹರಿಯದ ಇನ್ನೊಂದು ಕೆರೆಯನ್ನೂ ಅದೇ ದಿನಗಳಲ್ಲಿ ಅಳೆಯಬೇಕು. ಎರಡೂ ಕೆರೆಗಳಲ್ಲಿ ತಾಮ್ರ ಏರಿದರೆ ಅದು ಬೋರ್ಡೋ ಹೊಡೆದ ಕಾಲದ ಏರಿಕೆ. ಒಂದರಲ್ಲಿ ಮಾತ್ರ ಸೀಸ ಏರಿದರೆ ಅಗೆಯುವವರನ್ನು ಕರೆದು ಕೇಳಬಹುದು. ಮೊದಲಿನ ಅಳತೆ ಇಲ್ಲದಿದ್ದರೆ ‘ಮೊದಲಿಂದಲೂ ಹೀಗೇ ಇತ್ತು’ ಎಂಬ ಮಾತಿಗೆ ಎದುರುತ್ತರವಿಲ್ಲ.

ಅನುಮಾನದ ಜಾಗವನ್ನು ಗುರುತಿಸುವ ಕೆಲಸಕ್ಕೆ ಈಗ ಕಾನೂನಿನ ಆಸರೆಯೂ ಇದೆ. ಕಲುಷಿತ ಜಾಗಗಳ ನಿರ್ವಹಣೆಗೆ ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ನಿಯಮ ಹೊರಡಿಸಿದೆ. ಅದರಂತೆ ಸ್ಥಳೀಯ ಸಂಸ್ಥೆ ಅಥವಾ ಜಿಲ್ಲಾಡಳಿತ ಅನುಮಾನವಿರುವ ಜಾಗಗಳನ್ನು ಗುರುತಿಸಿ ವರದಿ ಮಾಡಬೇಕು, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಪರಿಶೀಲಿಸಬೇಕು. ಪಂಚಾಯಿತಿ ಬರೆಯುವ ಪತ್ರದಲ್ಲಿ ‘ನೀರು ಪರೀಕ್ಷೆ ಮಾಡಿಸಿ’ ಎಂದಷ್ಟೇ ಇದ್ದರೆ ಒಂದು ಬಾಟಲಿಯ ಹಾಳೆಯೇ ಬರುತ್ತದೆ. ಕೊಲ್ಲಿಯ ಬಾಯಿ, ಕೆರೆಯ ನಡು, ಕೋಡಿ ಈ ಮೂರು ಕಡೆಯ ಕೆಸರು, ಸೋಸಿದ ಮತ್ತು ಸೋಸದ ನೀರು, ಹೋಲಿಕೆಗೆ ಇನ್ನೊಂದು ಕೆರೆ, ಪ್ರತಿ ಲೋಹದ ಪತ್ತೆ ಮಿತಿ ಎಂದು ಬಿಡಿಸಿ ಬರೆಯಬೇಕು. ತೆಗೆದ ಕೆಸರಿನಲ್ಲಿ ಅರ್ಧವನ್ನು ನೆರಳಲ್ಲಿ ಒಣಗಿಸಿ, ಜಾಗ, ತಾರೀಕು ಬರೆದ ಚೀಟಿ ಅಂಟಿಸಿ, ಊರಿನಲ್ಲೇ ಎತ್ತಿಡುವುದು ಒಳ್ಳೆಯದು. ಒಣ ಕೆಸರಿನ ಸೀಸ, ತಾಮ್ರ ಎಲ್ಲಿಗೂ ಹೋಗುವುದಿಲ್ಲ, ಐದು ವರ್ಷದ ಮೇಲೆ ತಕರಾರು ಬಂದರೂ ಬೇರೆ ಲ್ಯಾಬಿನಲ್ಲಿ ಮತ್ತೆ ಅಳೆಯಬಹುದು. ಪಾದರಸಕ್ಕೆ ಈ ಉಪಾಯ ನಡೆಯದು, ಒಣಗಿಸುವಾಗಲೇ ಒಂದಿಷ್ಟು ಹಾರಿಹೋಗಬಹುದು. ಅದಕ್ಕೆ ಬಿಗಿ ಮುಚ್ಚಳದ ಡಬ್ಬಿ ಮತ್ತು ಫ್ರೀಜರ್ ಬೇಕು.